ಆನೆ ನಿಲ್ಲಬೇಕು, ತುಂಡು ಜಾರಬೇಕು: ಸ್ಕ್ರಾಲ್ ಸಾ ಪ್ರಾಣಿ ಪಜಲ್‌ಗೆ ಮರ ಎಷ್ಟು ದಪ್ಪ ಇರಬೇಕು?

ಸ್ಕ್ರಾಲ್ ಸಾ, ಅಂದರೆ ಮೇಜಿನ ನಡುವೆ ಮೇಲೆ ಕೆಳಗೆ ಓಡಾಡುವ ಸಣ್ಣ ಬ್ಲೇಡಿನಿಂದ ಮರವನ್ನು ಬೇಕಾದ ಆಕಾರಕ್ಕೆ ಕೊಯ್ಯುವ ಯಂತ್ರ, ಕಲಿಯುವವರಲ್ಲಿ ಹೆಚ್ಚಿನವರು ಬೇಗನೆ ಕೈ ಹಾಕುವುದು ಪ್ರಾಣಿ ಪಜಲ್‌ಗೆ. ಚಿತ್ರ ಆರಿಸಲು ಒಂದು ಸಂಜೆಯೇ ಹೋಗುತ್ತದೆ. ಹಲಗೆ ಆರಿಸಲು ಅರ್ಧ ನಿಮಿಷವೂ ಹೋಗುವುದಿಲ್ಲ, ಮೂಲೆಯಲ್ಲಿ ಉಳಿದಿದ್ದ ಯಾವುದೋ ತುಂಡು ಮೇಜಿಗೆ ಬರುತ್ತದೆ. ನಾನೂ ಹಾಗೆಯೇ ಮಾಡಿದ್ದೆ. ಮೊದಲ ಜಿರಾಫೆಯನ್ನು 6 ಮಿ.ಮೀ. ಪ್ಲೈವುಡ್‌ನಲ್ಲಿ ಕೊಯ್ದೆ; ಅದು ಒಂದು ಸಲವೂ ತಾನಾಗಿ ನಿಲ್ಲಲಿಲ್ಲ, ಎತ್ತಿದರೆ ಕತ್ತಿನ ಹತ್ತಿರ ಮಡಚಿಕೊಳ್ಳುತ್ತಿತ್ತು. ಎರಡನೆಯದನ್ನು 38 ಮಿ.ಮೀ. ಹಲಗೆಯಲ್ಲಿ ಕೊಯ್ದೆ. ಅದು ಗಟ್ಟಿಯಾಗಿ ನಿಂತಿತು. ಆದರೆ ಕತ್ತಿನ ತುಂಡು ಒಂದು ಬದಿಗೆ ಮಾತ್ರ ಜಾರುತ್ತಿತ್ತು, ಇನ್ನೊಂದು ಬದಿಗೆ ತಳ್ಳಿದರೆ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಈ ಎರಡು ತೊಂದರೆಗಳು ಒಂದೇ ಲೆಕ್ಕದಿಂದ ಹುಟ್ಟುತ್ತವೆ ಎಂದು ತಿಳಿದ ಮೇಲೆ ದಪ್ಪವನ್ನು ಆರಿಸುವುದು ಸುಲಭವಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಪ್ರಾಣಿ ಪಜಲ್‌ಗಳಲ್ಲಿ ಎರಡು ಜಾತಿ. ಒಂದು, ಚೌಕಟ್ಟಿನೊಳಗೆ ಮಲಗುವಂಥದ್ದು. ಕೆಳಗೆ ತೆಳು ಹಲಗೆಯೊಂದನ್ನು ಅಂಟಿಸಿರುತ್ತಾರೆ, ತುಂಡುಗಳನ್ನು ಮೇಲಿನಿಂದ ಕೂರಿಸಬೇಕು. ಪಜಲ್‌ಗಳ ಚರಿತ್ರೆ ಶುರುವಾಗುವುದೂ ಮಲಗುವ ಪಜಲ್‌ನಿಂದಲೇ: 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ತೆಳು ಮರಕ್ಕೆ ಭೂಪಟ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರುತ್ತಿದ್ದ. ಇಂಥದ್ದಕ್ಕೆ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಸಾಕು. ಪುಟ್ಟ ಮಕ್ಕಳಿಗಾದರೆ ಚೌಕಟ್ಟು 6 ಮಿ.ಮೀ. ಇರಲಿ, ಪ್ರಾಣಿಯ ತುಂಡುಗಳನ್ನು 12 ಮಿ.ಮೀ. ಹಲಗೆಯಿಂದ ಬೇರೆಯಾಗಿ ಕೊಯ್ಯಿರಿ. ಆಗ ತುಂಡು ಚೌಕಟ್ಟಿನಿಂದ ಮೇಲೆದ್ದು ನಿಂತು ಬೆರಳಿಗೆ ಸಿಗುತ್ತದೆ. ಮಲಗುವ ಪಜಲ್‌ನಲ್ಲಿ ದಪ್ಪದ ಚಿಂತೆ ಇಷ್ಟೇ.

ಎರಡನೆಯದು ನಿಲ್ಲುವ ಪಜಲ್. ಚೌಕಟ್ಟಿಲ್ಲ, ತಳವಿಲ್ಲ, ಅಂಟಿಲ್ಲ. ಆನೆಯ ತಲೆ, ಬೆನ್ನು, ಹೊಟ್ಟೆ, ಕಾಲುಗಳು ಗುಬುಟು-ಕಚ್ಚುಗಳಿಂದ (ಒಂದರ ಉಬ್ಬು ಇನ್ನೊಂದರ ಕುಳಿಯೊಳಗೆ ಕೂತು) ಒಂದನ್ನೊಂದು ಹಿಡಿದುಕೊಂಡು, ಇಡೀ ಪ್ರಾಣಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ದಪ್ಪದ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ.

ಅರ್ಧ ಮಿಲಿಮೀಟರಿನ ಸಂದು

ಬ್ಲೇಡು ಹಾದುಹೋದ ಜಾಗದಲ್ಲಿ ಮರ ಪುಡಿಯಾಗಿ ಹೋಗಿ ಒಂದು ಸಂದು ಉಳಿಯುತ್ತದೆ. ಬ್ಲೇಡಿನ ಸಂಖ್ಯೆ ಹೆಚ್ಚಿದಂತೆ ಅದು ದೊಡ್ಡದು: ಸಂಖ್ಯೆ 5ರ ಬ್ಲೇಡಿನ ದಪ್ಪ ಸುಮಾರು 0.4 ಮಿ.ಮೀ., ಸಂಖ್ಯೆ 9ರದ್ದು ಸುಮಾರು 0.46 ಮಿ.ಮೀ. ಕೊಯ್ಯುವಾಗಿನ ಅದುರುವಿಕೆಯನ್ನೂ ಸೇರಿಸಿಕೊಂಡು ಸಂದು ಅರ್ಧ ಮಿ.ಮೀ. ಎಂದಿಟ್ಟುಕೊಳ್ಳೋಣ. ಮರ ಎಷ್ಟೇ ದಪ್ಪವಾಗಿದ್ದರೂ ಈ ಸಂದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪಜಲ್‌ನ ಗುಣವೆಲ್ಲ ನಿರ್ಧಾರವಾಗುವುದು ಈ ಅರ್ಧ ಮಿಲಿಮೀಟರಿಗೂ ಹಲಗೆಯ ದಪ್ಪಕ್ಕೂ ಇರುವ ಅನುಪಾತದಲ್ಲಿ.

ಯಂತ್ರದ ಮೇಜು ಬ್ಲೇಡಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಇಲ್ಲ, ಒಂದು ಡಿಗ್ರಿ ವಾಲಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಕಾಣುವುದಿಲ್ಲ. 6 ಮಿ.ಮೀ. ಹಲಗೆಯಲ್ಲಿ ಕೊಯ್ತದ ಮೇಲಂಚಿಗೂ ಕೆಳಂಚಿಗೂ ಬರುವ ವ್ಯತ್ಯಾಸ 0.1 ಮಿ.ಮೀ. 19 ಮಿ.ಮೀ.ನಲ್ಲಿ, ಅಂದರೆ ಮುಕ್ಕಾಲು ಇಂಚಿನಲ್ಲಿ, ಅದು 0.33 ಮಿ.ಮೀ. ಆಗುತ್ತದೆ. ಸಂದು 0.5 ಇರುವುದರಿಂದ ತುಂಡು ಇನ್ನೂ ಎರಡೂ ಬದಿಗೆ ಜಾರುತ್ತದೆ. 38 ಮಿ.ಮೀ.ನಲ್ಲಿ, ಅಂದರೆ ಒಂದೂವರೆ ಇಂಚಿನಲ್ಲಿ, ವ್ಯತ್ಯಾಸ 0.66 ಮಿ.ಮೀ. ಇದು ಸಂದಿಗಿಂತ ಹೆಚ್ಚು. ತುಂಡು ಬಾಟಲಿಯ ಬಿರಡೆಯ ಹಾಗೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಅಗಲವಾದ ಕಡೆಗೆ ಹೊರಬರುತ್ತದೆ, ಇನ್ನೊಂದು ಕಡೆಗೆ ಹೊರಟರೆ ಬಿಗಿದುಕೊಳ್ಳುತ್ತದೆ. ನನ್ನ ಎರಡನೆಯ ಜಿರಾಫೆಗೆ ಆಗಿದ್ದು ಇದು. (ಮರದೊಳಗೆ ಮರ ಕೂರಿಸಿ ಚಿತ್ರ ಮಾಡುವವರು ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ: ಮೇಜನ್ನು ಕೆಲವು ಡಿಗ್ರಿ ವಾಲಿಸಿ ಎರಡು ಬಣ್ಣದ ಹಲಗೆಗಳನ್ನು ಒಟ್ಟಿಗೆ ಕೊಯ್ದರೆ, ಒಂದರ ತುಂಡು ಇನ್ನೊಂದರ ತೂತಿನಲ್ಲಿ ಸಂದೇ ಇಲ್ಲದಂತೆ ಬಿಗಿದು ಕೂರುತ್ತದೆ.)

ಎಷ್ಟು ವಾಲಿದರೆ ತುಂಡು ಸಿಕ್ಕಿಕೊಳ್ಳುತ್ತದೆ ಎಂದು ಅದೇ ಲೆಕ್ಕವನ್ನು ತಿರುಗಿಸಿ ನೋಡಬಹುದು. 6 ಮಿ.ಮೀ.ಗೆ ಸುಮಾರು 4.8 ಡಿಗ್ರಿ, 19ಕ್ಕೆ 1.5 ಡಿಗ್ರಿ, 25ಕ್ಕೆ 1.1 ಡಿಗ್ರಿ, 38ಕ್ಕೆ ಮುಕ್ಕಾಲು ಡಿಗ್ರಿ. ತೆಳು ಮರ ಮೇಜಿನ ತಪ್ಪನ್ನು ನುಂಗಿಕೊಳ್ಳುತ್ತದೆ, ದಪ್ಪ ಮರ ಅದನ್ನು ಎತ್ತಿ ತೋರಿಸುತ್ತದೆ.

ಇನ್ನು ಮೊದಲ ಜಿರಾಫೆಯ ಮಡಚುವ ಕತ್ತಿಗೆ ಬರೋಣ. ಅರ್ಧ ಮಿ.ಮೀ. ಸಂದಿರುವ ಕೂಡುವೆಯಲ್ಲಿ ಒಂದು ತುಂಡು ಇನ್ನೊಂದರ ಎದುರು ಅಲುಗಾಡಬಲ್ಲ ಕೋನವೂ ಸಂದು ಭಾಗಿಸು ದಪ್ಪವೇ. ಅಂದರೆ ಅವೇ ಅಂಕಿಗಳು ಸುಮಾರಾಗಿ ಮತ್ತೆ ಬರುತ್ತವೆ: 6 ಮಿ.ಮೀ. ಹಲಗೆಯಲ್ಲಿ ಪ್ರತಿ ಕೂಡುವೆಯೂ ನಾಲ್ಕೈದು ಡಿಗ್ರಿ ಬಾಗಬಲ್ಲದು, 19ರಲ್ಲಿ ಒಂದೂವರೆ, 38ರಲ್ಲಿ ಒಂದು ಡಿಗ್ರಿಗಿಂತ ಕಡಿಮೆ. ಕಾಲಿನಿಂದ ತಲೆಯವರೆಗೆ ನಾಲ್ಕು ಕೂಡುವೆಗಳಿದ್ದರೆ ತೆಳು ಜಿರಾಫೆ ಒಟ್ಟು 20 ಡಿಗ್ರಿಯ ತನಕ ಜೋಲಬಹುದು. ಮೇಜಿನ ತಪ್ಪನ್ನು ಕ್ಷಮಿಸುವ ಅದೇ ಸಡಿಲತೆ ಪ್ರಾಣಿಯನ್ನು ಜೋಲಿಸುತ್ತದೆ. ಬಿಗಿಯಾಗಿ ನಿಲ್ಲಿಸುವ ಅದೇ ಬಿಗಿತ ನೇರ ಕೊಯ್ತವನ್ನು ಬೇಡುತ್ತದೆ. ಈ ಎರಡರ ನಡುವೆ ಹೆಚ್ಚಿನವರಿಗೆ ಹೊಂದುವ ಜಾಗ 19ರಿಂದ 25 ಮಿ.ಮೀ. ನಿಲ್ಲುವ ಪ್ರಾಣಿಯನ್ನು ಮೊದಲ ಬಾರಿಗೆ ಮಾಡುವವರಿಗೆ ನಾನು ಹೇಳುವುದು 19.

ದಪ್ಪ ಮರಕ್ಕೆ ಹೋಗುವ ಮುನ್ನ ಮೇಜನ್ನು ಪರೀಕ್ಷಿಸಬೇಕು. ಮೂಲೆಮಟ್ಟ ಇಟ್ಟು ನೋಡಬಹುದು, ಆದರೆ ಬ್ಲೇಡು ಚಿಕ್ಕದಾದ್ದರಿಂದ ಕಣ್ಣು ಮೋಸ ಹೋಗುತ್ತದೆ. ಇದಕ್ಕಿಂತ ನಂಬಿಕಸ್ತ ದಾರಿ ಇದೆ. ಒಂದೂವರೆ ಇಂಚು ದಪ್ಪದ ಬೇಡದ ಮರದ ತುಂಡಿನ ಅಂಚಿನಲ್ಲಿ ಎರಡು ಮೂರು ಮಿ.ಮೀ. ಆಳಕ್ಕೆ ಮಾತ್ರ ಕೊಯ್ದು ಹಿಂದಕ್ಕೆ ಎಳೆದುಕೊಳ್ಳಿ. ಯಂತ್ರ ನಿಲ್ಲಿಸಿ. ತುಂಡನ್ನು ಮೇಜಿನ ಮೇಲೆ ಮಲಗಿದ್ದಂತೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಬದಿಗೆ ಒಯ್ದು, ಕೊಯ್ದ ಗೀರಿನೊಳಗೆ ಬ್ಲೇಡಿನ ಬೆನ್ನು ತಾನಾಗಿ ಇಳಿಯುತ್ತದೆಯೇ ನೋಡಿ. ಇಳಿದರೆ ಮೇಜು ಸರಿ. ಮೇಲೆ ಸೇರಿ ಕೆಳಗೆ ತಪ್ಪಿದರೆ ವಾಲಿದೆ. ತಿರುಗಿಸಿದ್ದರಿಂದ ತಪ್ಪು ಇಮ್ಮಡಿಯಾಗಿ ಕಾಣುತ್ತದೆ, ಅರ್ಧ ಡಿಗ್ರಿಯೂ ಬಚ್ಚಿಟ್ಟುಕೊಳ್ಳಲಾರದು.

ಮೇಜು ಸರಿಯಿದ್ದರೂ ಕೈ ಅವಸರ ಮಾಡಿದರೆ ಬ್ಲೇಡು ನಡುವೆ ಬಿಲ್ಲಿನಂತೆ ಬಾಗುತ್ತದೆ. ಮೇಲೂ ಕೆಳಗೂ ಸರಿಯಾಗಿದ್ದು ಹೊಟ್ಟೆಯಲ್ಲಿ ಉಬ್ಬಿದ ತುಂಡು ಸಿಗುತ್ತದೆ, ಅದು ಎರಡೂ ಬದಿಗೆ ಬಿಗಿದುಕೊಳ್ಳುತ್ತದೆ. ಇದಕ್ಕೆ ಮೇಜು ತಿದ್ದಿ ಪ್ರಯೋಜನವಿಲ್ಲ. ಬ್ಲೇಡನ್ನು ಬಿಗಿಯಾಗಿ ಎಳೆದು ಕಟ್ಟಬೇಕು, ಮೊಂಡಾದರೆ ತಕ್ಷಣ ಬದಲಿಸಬೇಕು, ಮರವನ್ನು ಪಕ್ಕಕ್ಕೆ ಒತ್ತದೆ ಎದುರಿನಿಂದ ಮಾತ್ರ ನಿಧಾನ ತಳ್ಳಬೇಕು.

ದಪ್ಪ ಹೆಚ್ಚಿದಂತೆ ಪುಡಿ ಹೊರಬರುವುದಿಲ್ಲ

ಸ್ಕ್ರಾಲ್ ಸಾ ಬ್ಲೇಡಿನ ಉದ್ದ 5 ಇಂಚಾದರೂ ಅದು ಮೇಲೆ ಕೆಳಗೆ ಓಡಾಡುವ ದೂರ ಬಹುತೇಕ ಯಂತ್ರಗಳಲ್ಲಿ 18ರಿಂದ 20 ಮಿ.ಮೀ. ಮಾತ್ರ. ದಪ್ಪದ ವಿಷಯದಲ್ಲಿ ಜನ ಗಮನಿಸದೇ ಬಿಡುವ ಸಂಗತಿ ಇದು. ಮರ 12 ಮಿ.ಮೀ. ಇದ್ದರೆ ಕೊಯ್ಯುವ ಪ್ರತಿ ಹಲ್ಲೂ ಒಂದೊಂದು ಓಟದಲ್ಲೂ ಮರದಿಂದ ಹೊರಗೆ ಬಂದು ತನ್ನ ಸಂದಿನಲ್ಲಿ ತುಂಬಿದ ಪುಡಿಯನ್ನು ಉದುರಿಸಿ ಮತ್ತೆ ಒಳಗೆ ಹೋಗುತ್ತದೆ. ಮರ 38 ಮಿ.ಮೀ. ಇದ್ದರೆ ನಡುವಿನ ಹಲ್ಲುಗಳು ಮರದಾಚೆಯ ಗಾಳಿಯನ್ನೇ ಕಾಣುವುದಿಲ್ಲ. ಅವು ಮರದೊಳಗೇ ಏರಿ ಮರದೊಳಗೇ ಇಳಿಯುತ್ತವೆ. ಪುಡಿ ಅಲ್ಲೇ ಸಿಲುಕಿ ಉಜ್ಜಿಕೊಂಡು ಬಿಸಿಯಾಗುತ್ತದೆ. ಕೊಯ್ತದ ಗೋಡೆ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬ್ಲೇಡು ಬೇಗ ತುಂಡಾಗುತ್ತದೆ. ಮೇಪಲ್, ಚೆರಿಯಂಥ ಮರಗಳು ಸುಡುವುದರಲ್ಲಿ ಮುಂದು.

ಅದಕ್ಕೇ ದಪ್ಪ ಹೆಚ್ಚಿದಂತೆ ಹಲ್ಲುಗಳ ನಡುವೆ ಹೆಚ್ಚು ಜಾಗವಿರುವ, ಅಗಲವಾದ ಬ್ಲೇಡು ಬೇಕಾಗುತ್ತದೆ. ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ: 6 ಮಿ.ಮೀ.ಗೆ ಸಂಖ್ಯೆ 2 ಅಥವಾ 3, 12ಕ್ಕೆ 3 ಅಥವಾ 5, 19ಕ್ಕೆ 5 ಅಥವಾ 7, 25ಕ್ಕೆ 7, 38ಕ್ಕೆ 9, ಮರ ಗಟ್ಟಿಯಿದ್ದರೆ 12. ಒಂದು ಹಲ್ಲು ಬಿಟ್ಟು ಒಂದು ಹಲ್ಲಿರುವ ಬ್ಲೇಡುಗಳು ದಪ್ಪ ಮರದಲ್ಲಿ ತಣ್ಣಗೆ ಕೊಯ್ಯುತ್ತವೆ. ಹಲಗೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪು ಅಂಟಿಸಿ ಅದರ ಮೂಲಕವೇ ಕೊಯ್ದರೆ ಸುಡುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ದಪ್ಪ ಮರದಲ್ಲಿ ನಾನು ಟೇಪಿಲ್ಲದೆ ಕೊಯ್ಯುವುದೇ ಇಲ್ಲ.

ಇಲ್ಲಿಂದ ಚಿತ್ರದ ಮೇಲೂ ಪರಿಣಾಮವಾಗುತ್ತದೆ. ಬ್ಲೇಡು ಅಗಲವಾದಷ್ಟೂ ಸಣ್ಣ ತಿರುವು ಕಷ್ಟ. ಸಂಖ್ಯೆ 3ರ ಬ್ಲೇಡು ನಿಂತಲ್ಲೇ ತಿರುಗಿದಂತೆ ತಿರುಗುತ್ತದೆ, ಸಂಖ್ಯೆ 9ಕ್ಕೆ ಅಗಲವಾದ ತಿರುವು ಬೇಕು. ಹಾಗಾಗಿ ಸಿಂಹದ ಕೇಸರದ ಎಳೆಎಳೆಯನ್ನೂ ಬಿಡಿಸಿದ ಚಿತ್ರವನ್ನು ಒಂದೂವರೆ ಇಂಚಿನ ಹಲಗೆಗೆ ಅಂಟಿಸಬೇಡಿ. ಚಿತ್ರದಲ್ಲಿ ಅತಿ ಚಿಕ್ಕ ತಿರುವು ಎಲ್ಲಿದೆ ಎಂದು ಹುಡುಕಿ, ಆ ತಿರುವಿಗೆ ಒಗ್ಗುವ ಬ್ಲೇಡು ಯಾವುದು, ಆ ಬ್ಲೇಡು ಎಷ್ಟು ದಪ್ಪ ಕೊಯ್ಯಬಲ್ಲದು ಎಂದು ಹಿಂದಿನಿಂದ ಲೆಕ್ಕ ಹಾಕಿ. ದಪ್ಪವೇ ಬೇಕೆಂದರೆ ಚಿತ್ರವನ್ನು ದೊಡ್ಡದು ಮಾಡಿ.

ನಿಲ್ಲುವುದು ಮತ್ತು ಬೀಳುವುದು

ಹಲಗೆಯ ದಪ್ಪವೇ ಪ್ರಾಣಿಯ ಪಾದದ ಅಗಲ. ಗುರುತ್ವ ಕೇಂದ್ರ ಪಾದದ ಅಂಚನ್ನು ದಾಟಿದ ಕ್ಷಣ ಪ್ರಾಣಿ ಬೀಳುತ್ತದೆ. 12 ಸೆಂ.ಮೀ. ಎತ್ತರದ ಆನೆಯ ಗುರುತ್ವ ಕೇಂದ್ರ ಸುಮಾರು ನಡುವೆ, 6 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ಹಲಗೆ 6 ಮಿ.ಮೀ. ಆದರೆ 3 ಡಿಗ್ರಿ ವಾಲಿದರೆ ಬೀಳುತ್ತದೆ, ಜಮಖಾನದ ಮೇಲೆ ಅದು ನಿಲ್ಲುವುದೇ ಇಲ್ಲ. 19 ಮಿ.ಮೀ. ಆದರೆ 9 ಡಿಗ್ರಿ, 25 ಆದರೆ ಸುಮಾರು 12, 38 ಆದರೆ 17ಕ್ಕಿಂತ ಹೆಚ್ಚು. ಈಗ 20 ಸೆಂ.ಮೀ. ಎತ್ತರದ ಜಿರಾಫೆ: ಕೇಂದ್ರ 11 ಸೆಂ.ಮೀ.ನಲ್ಲಿದ್ದರೆ 19 ಮಿ.ಮೀ. ಹಲಗೆಯಲ್ಲಿ 5 ಡಿಗ್ರಿಗೇ ಬೀಳುತ್ತದೆ, 38ರಲ್ಲಿ 10ರ ಹತ್ತಿರ ತಡೆಯುತ್ತದೆ. ಆನೆಗೆ ಸಾಕಾದ ದಪ್ಪ ಜಿರಾಫೆಗೆ ಸಾಲದೆ ಬರುವುದು ಇದಕ್ಕೇ. ಆಮೆ, ನೀರಾನೆ, ತಿಮಿಂಗಿಲ, ಕರಡಿಗಳಿಗೆ ಮುಕ್ಕಾಲು ಇಂಚು ಧಾರಾಳ. ಕುದುರೆ, ಜಿಂಕೆ, ಕೊಕ್ಕರೆಗಳನ್ನು ಇನ್ನಷ್ಟು ದಪ್ಪ ಮಾಡಿ, ಇಲ್ಲವೇ ಕಾಲುಗಳನ್ನು ಹಲಗೆಯ ದಪ್ಪಕ್ಕಿಂತ ಅಗಲವಾದ ಒಂದು ಅಡಿಪೀಠದ ಮೇಲೆ ನಿಲ್ಲಿಸಿ.

ಮರ ಹಗುರವೋ ಭಾರವೋ ಎಂಬುದರಿಂದ ಈ ಕೋನ ಬದಲಾಗುವುದಿಲ್ಲ. ಭಾರದ ಮರ ತಳ್ಳುವ ಕೈಗೆ ಹೆಚ್ಚು ತಡೆ ಕೊಡುತ್ತದೆ, ಅಷ್ಟೇ.

ಇಲ್ಲಿ ಕೈತಪ್ಪುವ ಇನ್ನೊಂದು ವಿಷಯವಿದೆ. ಅಂಚುಗಳು ಮಗುವಿನ ಕೈಗೆ ಚುಚ್ಚಬಾರದೆಂದು ಪ್ರಾಣಿಯ ಸುತ್ತಲೂ 3 ಮಿ.ಮೀ. ಗುಂಡಗೆ ಮಾಡುತ್ತೇವೆ. ಬೆನ್ನಿಗೂ ಸೊಂಡಿಲಿಗೂ ಅದು ಬೇಕು. ಪಾದದ ಅಡಿಯನ್ನೂ ಗುಂಡಗೆ ಮಾಡಿದರೆ 19 ಮಿ.ಮೀ. ಪಾದ 13 ಮಿ.ಮೀ.ಗೆ ಇಳಿದು ಆನೆಯ 9 ಡಿಗ್ರಿ 6 ಆಗಿಬಿಡುತ್ತದೆ. ಪಾದದ ಅಡಿಯಲ್ಲಿ ಚೂಪನ್ನು ಮುರಿಯುವಷ್ಟು ಮಾತ್ರ ಉಜ್ಜಿ.

ಕಿವಿ, ಬಾಲ, ದಂತ

ಹಲಗೆ ದಪ್ಪವಾದರೆ ಎಲ್ಲವೂ ಗಟ್ಟಿಯಾಗುತ್ತದೆ ಎಂಬುದು ಅರ್ಧ ನಿಜ. ಮರ ಮುರಿಯುವುದು ಎಳೆಯ ಉದ್ದಕ್ಕೆ. ಎಳೆಗಳು ಅಡ್ಡಡ್ಡ ಹೋಗಿರುವ ಹಲಗೆಯಲ್ಲಿ ನಿಂತ ಕಾಲನ್ನು ಕೊಯ್ದರೆ ಆ ಕಾಲನ್ನು ಹಿಡಿದಿರುವುದು ಚಿಕ್ಕ ಚಿಕ್ಕ ಎಳೆಗಳಷ್ಟೇ; ಒಮ್ಮೆ ಕೆಳಗೆ ಬಿದ್ದರೆ ಹೋಯಿತು. ನಾಲ್ಕು ಕಾಲಿನ ಪ್ರಾಣಿಯಲ್ಲಿ ಎಳೆ ಮೇಲಿನಿಂದ ಕೆಳಕ್ಕೆ, ಕಾಲಿನ ಉದ್ದಕ್ಕೆ ಬರುವಂತೆ ಚಿತ್ರ ಅಂಟಿಸಿ. ಆಗ ಅಡ್ಡ ಚಾಚಿದ ಬಾಲ ದುರ್ಬಲವಾಗುತ್ತದೆ, ಆದ್ದರಿಂದ ಬಾಲವನ್ನು ಮೈಗೆ ಅಂಟಿದಂತೆ ಬಿಡಿಸಿ. ಗುಬುಟಿನ ಕತ್ತು 6 ಮಿ.ಮೀ.ಗಿಂತ ಕಿರಿದಾಗದಿರಲಿ. ಕತ್ತು ಕಿರಿದಾಗಿದ್ದು ಹಲಗೆ ದಪ್ಪವಾಗಿದ್ದರೆ ಇನ್ನೊಂದು ಅಪಾಯ: ದಪ್ಪ ತುಂಡನ್ನು ಬಿಡಿಸಲು ಹೆಚ್ಚು ಬಲ ಬೇಕು, ಆ ಬಲವೆಲ್ಲ ಕತ್ತಿನ ಮೇಲೆ ಬೀಳುತ್ತದೆ.

ತೆಳು ಹಲಗೆಯಲ್ಲೇ ಕೆಲಸವಾಗಬೇಕಾದರೆ ಪ್ಲೈವುಡ್ ಒಳ್ಳೆಯದು, ಪದರಗಳ ಎಳೆ ಒಂದರ ಮೇಲೊಂದು ಅಡ್ಡಲಾಗಿ ಕೂತಿರುವುದರಿಂದ ಅದಕ್ಕೆ ದುರ್ಬಲ ದಿಕ್ಕು ಎಂಬುದಿಲ್ಲ. 6 ಮಿ.ಮೀ.ನಲ್ಲಿ ಪದರ ಹೆಚ್ಚಿರುವ ಬರ್ಚ್ ಪ್ಲೈಯೇ ನನ್ನ ಆಯ್ಕೆ. ಆದರೆ ಅದರ ಅಂಟು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. 12 ಮಿ.ಮೀ. ದಾಟಿದರೆ ನಾನು ಪ್ಲೈ ಬಿಟ್ಟು ಇಡೀ ಮರದ ಹಲಗೆಯನ್ನೇ ಹಿಡಿಯುತ್ತೇನೆ.

ಯಾರ ಕೈಗೆ ಹೋಗುತ್ತದೆ

ಪಜಲ್ ಪುಟ್ಟ ಮಗುವಿಗಾದರೆ ಬೇರೆಲ್ಲ ಲೆಕ್ಕಕ್ಕಿಂತ ಮೊದಲು ಬರುವುದು ನುಂಗುವ ಅಪಾಯ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಅಮೆರಿಕ ಮತ್ತು ಯೂರೋಪಿನ ನಿಯಮಗಳು ಒಂದು ಪುಟ್ಟ ಕೊಳವೆಯನ್ನು ಅಳತೆಯಾಗಿ ಇಟ್ಟಿವೆ. ಅದರ ಒಳವ್ಯಾಸ 31.7 ಮಿ.ಮೀ., ಓರೆ ತಳದ ಆಳ ಒಂದು ಬದಿಯಲ್ಲಿ 25.4, ಇನ್ನೊಂದು ಬದಿಯಲ್ಲಿ 57.1 ಮಿ.ಮೀ. ಹೇಗೆ ತಿರುಗಿಸಿ ಹಾಕಿದರೂ ತುಂಡು ಪೂರ್ತಿಯಾಗಿ ಇದರೊಳಗೆ ಇಳಿಯಬಾರದು. ಮುರಿದು ಬಿದ್ದ ಚೂರಿಗೂ ಇದೇ ಮಾತು.

ದಪ್ಪ ಇಲ್ಲಿ ಸಹಾಯಕ್ಕೆ ಬರುತ್ತದೆ, ಆದರೆ ತಾನೊಂದೇ ಕಾಪಾಡುವುದಿಲ್ಲ. 38 ಮಿ.ಮೀ. ಹಲಗೆಯಲ್ಲಿ ಕೊಯ್ದ ಹೆಬ್ಬೆರಳಗಲದ ಬಾಲದ ತುಂಡು ಕೊಳವೆಯೊಳಗೆ ನಿಂತುಕೊಂಡೇ ಇಳಿದುಬಿಡುತ್ತದೆ. ತುಂಡಿನ ಉದ್ದ, ಅಗಲ, ದಪ್ಪ ಈ ಮೂರರಲ್ಲಿ ಎರಡಾದರೂ 32 ಮಿ.ಮೀ. ದಾಟಿದ್ದರೆ ಅದು ಇಳಿಯಲಾರದು. 38ರ ಹಲಗೆಯಲ್ಲಿ ದಪ್ಪವೇ ಒಂದಾಗುತ್ತದೆ, ಚಿತ್ರದಲ್ಲಿ ಇನ್ನೊಂದೇ ಅಳತೆ ನೋಡಿಕೊಂಡರೆ ಸಾಕು. 19ರ ಹಲಗೆಯಲ್ಲಿ ಉದ್ದ ಅಗಲ ಎರಡೂ 32 ದಾಟಬೇಕು, ಇಲ್ಲವೇ ಉದ್ದ 57 ದಾಟಬೇಕು. ಹೀಗಾಗಿ ಪುಟ್ಟವರಿಗೆ ತೆಳು ಹಲಗೆಯಲ್ಲಿ ಮಾಡುವುದಾದರೆ ಪ್ರಾಣಿಯನ್ನು ನಾಲ್ಕೈದು ದೊಡ್ಡ ತುಂಡುಗಳಾಗಿ ಮಾತ್ರ ಕೊಯ್ಯಿರಿ. ತುಂಡಿನ ಗಾತ್ರದಲ್ಲಿ ಕೈ ಬಿಗಿ ಮಾಡುವುದು ಬೇಡ.

ಭಾರವನ್ನೂ ಒಮ್ಮೆ ಎಣಿಸಿ. 120 ಚದರ ಸೆಂ.ಮೀ. ಮೈಯ ಆನೆ 19 ಮಿ.ಮೀ. ಪೈನ್‌ನಲ್ಲಿ ಸುಮಾರು 115 ಗ್ರಾಂ ತೂಗಿದರೆ 38 ಮಿ.ಮೀ. ಮೇಪಲ್‌ನಲ್ಲಿ 320 ಗ್ರಾಂ ತೂಗುತ್ತದೆ. ಎರಡನೆಯದು ಎಸೆಯುವ ವಯಸ್ಸಿನ ಮಗುವಿನ ಕೈಯಲ್ಲಿರಬಾರದು. ಸಂಧಿನೋವಿರುವ ಹಿರಿಯರಿಗೆ ಮಾಡುವಾಗ ನಾನು 25 ಮಿ.ಮೀ. ಹಗುರ ಮರ ಆರಿಸುತ್ತೇನೆ, ಹಿಡಿಯಲು ಸಿಗುತ್ತದೆ, ಎತ್ತಲು ಭಾರವಿಲ್ಲ.

ಹಲಗೆ ಕೊಳ್ಳುವಾಗ ಒಂದು ಎಚ್ಚರ. ಒಂದು ಇಂಚು ಎಂದು ಕರೆಯುವ ಹಲಗೆ ಎರಡೂ ಬದಿ ಕೀಸಿದ ಮೇಲೆ 19 ಮಿ.ಮೀ., ಎರಡು ಇಂಚಿನದು 38 ಮಿ.ಮೀ. ಆಗಿ ಉಳಿಯುವುದು ವಾಡಿಕೆ. ಹೆಸರು ನಂಬದೆ ಅಳೆದುಕೊಳ್ಳಿ. ಹಲಗೆ ಸೊಟ್ಟಗಿದ್ದರೆ ಅದು ಮೇಜಿನ ಮೇಲೆ ತೂಗಾಡುತ್ತದೆ, ತೂಗಾಡಿದರೆ ಮೇಲೆ ಹೇಳಿದ ಡಿಗ್ರಿಗಳೆಲ್ಲ ನಿಮ್ಮ ಕೈಯಲ್ಲಿರುವುದಿಲ್ಲ. ಮೊದಲು ಸಮತಟ್ಟು ಮಾಡಿಸಿ, ಆಮೇಲೆ ದಪ್ಪ ನೋಡಿ.

ಬಣ್ಣ, ಪಾಲಿಶಿನ ವಿಷಯದಲ್ಲೂ ದಪ್ಪ ಮಾತಾಡುತ್ತದೆ. ಕೊಯ್ದ ಗೋಡೆಗಳಿಗೆ ಗಟ್ಟಿ ಬಣ್ಣ ಬಳಿದರೆ ಎರಡೂ ಕಡೆಯ ಪದರ ಸೇರಿ ಅರ್ಧ ಮಿಲಿಮೀಟರಿನ ಸಂದನ್ನು ತಿಂದುಹಾಕುತ್ತದೆ. ದಪ್ಪ ಹಲಗೆಯಲ್ಲಿ ಒಂದಕ್ಕೊಂದು ಉಜ್ಜುವ ಗೋಡೆಯೂ ದೊಡ್ಡದಾದ್ದರಿಂದ ತುಂಡುಗಳು ಅಂಟಿಕೊಂಡಂತಾಗುತ್ತವೆ. ಬಣ್ಣ ಬೇಕಿದ್ದರೆ ಮೇಲ್ಮುಖಗಳಿಗೆ ಮಾತ್ರ ಹಚ್ಚಿ. ಒಳಗೋಡೆಗೆ ತೆಳುವಾಗಿ ಎಣ್ಣೆ ಸವರಿ, ಒರೆಸಿ, ತುಂಡುಗಳನ್ನು ಬಿಡಿಬಿಡಿಯಾಗಿಯೇ ಪೂರ್ತಿ ಒಣಗಿಸಿ.

ಆರಿಸಿದ ಹಲಗೆಯ ಅಂಚಿನಿಂದ ಒಂದು ಬೇಡದ ಪಟ್ಟಿ ತೆಗೆದುಕೊಳ್ಳಿ. ಚಿತ್ರದಲ್ಲಿರುವ ಅತಿ ಚಿಕ್ಕ ಗುಬುಟನ್ನು ಅದೇ ಅಳತೆಯಲ್ಲಿ, ಬಳಸಲಿರುವ ಬ್ಲೇಡಿನಲ್ಲೇ ಅದರ ಮೇಲೆ ಕೊಯ್ಯಿರಿ. ಎರಡು ತುಂಡುಗಳನ್ನು ಸೇರಿಸಿ ಒಂದನ್ನು ಹಿಡಿದು ಎತ್ತಿ: ಇನ್ನೊಂದು ಜೋಲಬಾರದು. ಮೇಲಿನಿಂದ ಒತ್ತಿ ಬಿಡಿಸಿ, ಮತ್ತೆ ಸೇರಿಸಿ, ಕೆಳಗಿನಿಂದ ಒತ್ತಿ ಬಿಡಿಸಿ. ಎರಡೂ ಬದಿಗೆ ಒಂದೇ ಹದದಲ್ಲಿ ಜಾರಿದರೆ ಆನೆಯ ಚಿತ್ರವನ್ನು ಹಲಗೆಗೆ ಅಂಟಿಸಬಹುದು.